ಕೆಂಗಲ್ ದಾಟುವ ಮುನ್ನ: ಗೊಂಬೆನಾಡಿನ ಫಲಕಗಳು ಮತ್ತು ಕಲ್ಲುಗಳು

ಬೆಂಗಳೂರಿನಿಂದ ಮೈಸೂರಿಗೆ ಹಳೇ ರಸ್ತೆಯಲ್ಲಿ ಹೊರಟರೆ ರಾಮನಗರ ದಾಟಿ, ಜಾನಪದ ಲೋಕ ದಾಟಿ, ಚನ್ನಪಟ್ಟಣ ಇನ್ನೇನು ಬಂತು ಅನ್ನುವಾಗ ಕೆಂಗಲ್ ಸಿಗುತ್ತದೆ. ರಸ್ತೆ ಪಕ್ಕದಲ್ಲೇ ಆಂಜನೇಯನ ಗುಡಿ. ಸುತ್ತಲಿನ ಹಳ್ಳಿಯವರಿಗೆ ಇದು ಅಯ್ಯನಗುಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಇಲ್ಲಿ ನಡೆಯುವ ದನಗಳ ಜಾತ್ರೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಉತ್ತರಕ್ಕೆ ಮುಖ ಮಾಡಿದ್ದ ಸ್ವಾಮಿ ವರ್ಷವರ್ಷಕ್ಕೂ ಸ್ವಲ್ಪ ಸ್ವಲ್ಪವೇ ಪೂರ್ವಕ್ಕೆ ತಿರುಗುತ್ತಿದ್ದಾನೆ ಅಂತ ಇಲ್ಲಿನ ಜನ ಹೇಳುತ್ತಾರೆ.

ಕೆಂಗಲ್ ಅನ್ನುವುದು ಅಚ್ಚಗನ್ನಡದ ಹೆಸರು. ಕೆಂ + ಕಲ್ = ಕೆಂಗಲ್, ಶಾಲೆಯಲ್ಲಿ ಓದಿದ ಆದೇಶ ಸಂಧಿ. ಈ ಸೀಮೆಯ ಬಂಡೆಗಳನ್ನು ನೋಡಿದವರಿಗೆ ಹೆಸರಿನ ಅರ್ಥ ಬೇರೆ ಹೇಳಬೇಕಾಗಿಲ್ಲ. ಮಳೆ ಬಂದು ನಿಂತ ಮೇಲೆ ಇಲ್ಲಿನ ಕಲ್ಲು ಗುಲಾಬಿ ಮಿಶ್ರಿತ ಕೆಂಪಾಗಿ ಕಾಣುತ್ತದೆ. ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟ್ ಗ್ರಾನೈಟ್’ ಅನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಕ್ಲೋಸ್‌ಪೇಟೆ ಅಂದರೆ ನಮ್ಮ ರಾಮನಗರ. ಟಿಪ್ಪು ಸತ್ತ ಮೇಲೆ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಬೆಳೆದ ಪೇಟೆ. ಊರಿನ ಹೆಸರು ಆಮೇಲೆ ರಾಮನಗರವಾಯಿತು, 2007ರಲ್ಲಿ ಆ ಹೆಸರಿನದೇ ಒಂದು ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಯಿತು. ಊರು ಬಿಟ್ಟುಕೊಟ್ಟ ಹೆಸರನ್ನು ಕಲ್ಲು ಮಾತ್ರ ಇಟ್ಟುಕೊಂಡಿದೆ. ಶಾಸನ ಓದುವ ಹುಚ್ಚು ಹಿಡಿದವನಿಗೆ ಇದಕ್ಕಿಂತ ಒಳ್ಳೆ ಪೀಠಿಕೆ ಬೇಕೆ?

ಈ ಲೇಖನದಲ್ಲಿ ಹೊಸ ಶಾಸನವೇನೂ ಇಲ್ಲ. ನನ್ನ ಕೈಯಾರೆ ತಪ್ಪಿಹೋದ ಒಂದು ಶಾಸನದ ವಿಚಾರ ಇದೆ. ಅದಕ್ಕೆ ಬರುವ ಮುಂಚೆ ಈ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿಬಿಡುತ್ತೇನೆ.

ಮೂರು ಫಲಕಗಳು

ಈ ಮೂವತ್ತು ಕಿಲೋಮೀಟರಿನೊಳಗೆ ಪ್ರವಾಸಿಗೆ ಮೂರು ಕತೆ ಹೇಳಲಾಗುತ್ತದೆ.

ಮೊದಲನೆಯದು ರಾಮನಗರದಲ್ಲಿ: ಶೋಲೆ. 1973ರಲ್ಲಿ ಚಿತ್ರೀಕರಣ ಶುರುವಾಗಿ 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾದ ಸಿನಿಮಾ. ಅದಕ್ಕೋಸ್ಕರ ಬೆಟ್ಟದ ತಪ್ಪಲಿನಲ್ಲಿ ‘ರಾಮ್‌ಗಢ’ ಅನ್ನುವ ಊರಿನ ಸೆಟ್ ಹಾಕಿದ್ದರು. ಇವತ್ತಿಗೂ ರಾಮದೇವರ ಬೆಟ್ಟಕ್ಕೆ ಬರುವವರಲ್ಲಿ ಬಹಳ ಜನ ಗಬ್ಬರ್ ಎಲ್ಲಿ ನಿಂತಿದ್ದ ಅಂತಲೇ ಕೇಳುತ್ತಾರೆ. ಇಲ್ಲದ ಊರನ್ನು ಹುಡುಕಿಕೊಂಡು ಐವತ್ತು ವರ್ಷದಿಂದ ಜನ ಬರುತ್ತಿದ್ದಾರೆ. ತಮಾಷೆಗೆ ಹೇಳುತ್ತಿಲ್ಲ, ಅದರಿಂದ ಆಟೋದವರಿಗೆ, ಎಳನೀರಿನವರಿಗೆ ಬದುಕೂ ಆಗಿದೆ.

ಎರಡನೆಯದು ಚನ್ನಪಟ್ಟಣದಲ್ಲಿ: ಗೊಂಬೆ. ಆಲೆ ಮರ, ಅರಗಿನ ಬಣ್ಣ, ಟಿಪ್ಪು ಪರ್ಷಿಯಾದಿಂದ ಕರೆಸಿದ ಕುಶಲಕರ್ಮಿಗಳು ಅನ್ನುವ ಪ್ರತೀತಿ, ಜಿಐ ಮಾನ್ಯತೆ. ಕತೆಯಲ್ಲಿ ಹುರುಳಿದೆ. ಚಕ್ರದ ಮೇಲೆ ತಿರುಗುವ ಮರಕ್ಕೆ ಅರಗು ಹಿಡಿದು ಶಾಖದಲ್ಲೇ ಬಣ್ಣ ಕೂರಿಸುವುದನ್ನು ನೋಡಿದರೆ ಯಾರಿಗಾದರೂ ಖುಷಿಯಾಗುತ್ತದೆ. ಆದರೆ ಚನ್ನಪಟ್ಟಣ ಅಂದರೆ ಗೊಂಬೆ ಮಾತ್ರವೇ? ಸುಮಾರು 1580ರಲ್ಲಿ ಜಗದೇವರಾಯ ಇಲ್ಲಿ ಕೋಟೆ ಕಟ್ಟಿ ರಾಜಧಾನಿ ಮಾಡಿಕೊಂಡ. ವಿಜಯನಗರದ ಅರಸರಿಗಾಗಿ ಪೆನುಗೊಂಡೆಯನ್ನು ಕಾಪಾಡಿ ಹೆಸರು ಮಾಡಿದವನು, ಬಾರಾಮಹಲಿನವರೆಗೆ ಅವನ ಆಳ್ವಿಕೆ ಹರಡಿತ್ತು. 1630ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಇದನ್ನು ಗೆದ್ದುಕೊಂಡರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ದಾರಿಯಲ್ಲಿ ಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಬಳೆ ಮಾಡುವವರ ಬಗ್ಗೆ, ಉಕ್ಕಿನ ತಂತಿ ಎಳೆಯುವವರ ಬಗ್ಗೆ ಬರೆದಿದ್ದಾನೆ. ಸಂಗೀತ ವಾದ್ಯಗಳಿಗೆ ಕಟ್ಟುವ ಆ ತಂತಿಗೆ ದೂರದೂರದವರೆಗೆ ಹೆಸರಿತ್ತು. ಯಾವ್ಯಾವ ಊರಿನ ವೀಣೆಯಲ್ಲಿ ಚನ್ನಪಟ್ಟಣ ಮಿಡಿದಿತ್ತೋ! ಇವತ್ತು ಪೇಟೆಯಲ್ಲಿ ತಂತಿಯ ಸುದ್ದಿ ಎತ್ತಿದರೆ ಕರೆಂಟ್ ತಂತಿ ತೋರಿಸಿಯಾರು. ಪೇಟೆಯ ಉತ್ತರಕ್ಕೆ ಟಿಪ್ಪುವಿನ ಗುರು ಅಕಿಲ್ ಷಾ ಖಾದ್ರಿಯವರ ಗೋರಿ ಇದೆ. ಬೆಂಗಳೂರಿನಲ್ಲಿ ಟಿಪ್ಪುವಿನ ಕಡೆಯ ಅಧಿಕಾರಿಯಾಗಿದ್ದು, ಸೆರೆಸಿಕ್ಕ ಶತ್ರುಗಳನ್ನು ಕರುಣೆಯಿಂದ ನಡೆಸಿಕೊಂಡ ಸೈಯದ್ ಇಬ್ರಾಹಿಂ ಅವರ ಗೋರಿಯೂ ಇದೆ. ಗೊಂಬೆ ಕೊಳ್ಳಲು ನಿಲ್ಲುವ ಕಾರುಗಳಲ್ಲಿ ಎಷ್ಟು ಅಲ್ಲಿಗೆ ಹೋಗುತ್ತವೆ?

ಮೂರನೆಯದು ದೊಡ್ಡಮಳೂರಿನಲ್ಲಿ: ಅಂಬೆಗಾಲು ಕೃಷ್ಣ. ಅಪ್ರಮೇಯಸ್ವಾಮಿ ದೇವಸ್ಥಾನದ ಒಳಗಿನ ನವನೀತ ಕೃಷ್ಣನಿಗೆ ಮಕ್ಕಳಾಗಲಿ ಅಂತ ತೊಟ್ಟಿಲು ಹರಕೆ ಕಟ್ಟುತ್ತಾರೆ. ಪುರಂದರದಾಸರು ಇಲ್ಲಿ ಹಾಡಿದರು, ರಾಮಾನುಜರು ಮೇಲುಕೋಟೆಗೆ ಹೋಗುವಾಗ ಇಲ್ಲಿ ತಂಗಿದ್ದರು ಅನ್ನುವ ಪ್ರತೀತಿಗಳಿವೆ. ಜೊತೆಗೆ ಇನ್ನೊಂದು ಮಾತು: ವಿಜ್ಞಾನೇಶ್ವರ ‘ಮಿತಾಕ್ಷರ’ವನ್ನು ಇಲ್ಲೇ ಬರೆದ ಅಂತ. ಈ ಕೊನೆಯದನ್ನು ಮಾತ್ರ ಒಪ್ಪುವುದು ಕಷ್ಟ. ಗ್ರಂಥದ ಕೊನೆಯ ಪದ್ಯಗಳಲ್ಲಿ ವಿಜ್ಞಾನೇಶ್ವರನೇ ಕಲ್ಯಾಣದಂಥ ಪಟ್ಟಣವಿಲ್ಲ, ವಿಕ್ರಮಾಂಕನಂಥ ರಾಜನಿಲ್ಲ ಎಂಬ ಅರ್ಥದಲ್ಲಿ ಹೇಳಿಕೊಂಡಿದ್ದಾನೆ. ಕಲ್ಯಾಣ ಅಂದರೆ ಇವತ್ತಿನ ಬಸವಕಲ್ಯಾಣ, ರಾಜ ಚಾಲುಕ್ಯ ಆರನೇ ವಿಕ್ರಮಾದಿತ್ಯ. ಬರೆದವನ ಮಾತಿಗಿಂತ ದೊಡ್ಡ ಸಾಕ್ಷಿ ಇನ್ನೇನಿದೆ?

ಹಾಗಂತ ದೊಡ್ಡಮಳೂರಿಗೆ ಹೇಳಿಕೊಳ್ಳಲು ಸ್ವಂತದ್ದು ಏನೂ ಇಲ್ಲವೆ? ಬೇಕಾದಷ್ಟಿದೆ, ಅದು ಗುಡಿಯ ಕಲ್ಲಿನಲ್ಲೇ ಇದೆ.

ಕಲ್ಲು ಹೇಳುವ ಸೀಮೆ

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ 1905ರಲ್ಲಿ ಬಂದಿದ್ದು, ಬೆಂಗಳೂರು ಜಿಲ್ಲೆಯ ಶಾಸನಗಳದ್ದು. ಆಗ ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿ (ಈಗಿನ ಕನಕಪುರ) ಎಲ್ಲವೂ ಅದೇ ಜಿಲ್ಲೆ. ಚನ್ನಪಟ್ಟಣ ತಾಲ್ಲೂಕಿನ ಭಾಗವನ್ನು ತೆರೆದವರಿಗೆ ಒಂದು ಅಚ್ಚರಿ ಕಾದಿರುತ್ತದೆ: ಗಂಗರ, ಹೊಯ್ಸಳರ, ವಿಜಯನಗರದ ಕನ್ನಡ ಶಾಸನಗಳ ಜೊತೆಜೊತೆಗೆ ತಮಿಳು ಶಾಸನಗಳು ಸಾಲಾಗಿ ಸಿಗುತ್ತವೆ. 

ಕಾರಣ ಸರಳ. 11ನೇ ಶತಮಾನದ ಆರಂಭದಲ್ಲಿ ಚೋಳರು ತಲಕಾಡನ್ನು ಗೆದ್ದು ಗಂಗರ ಆಳ್ವಿಕೆ ಮುಗಿಸಿದರು. ತಲಕಾಡು ರಾಜರಾಜಪುರವಾಯಿತು, ಗಂಗವಾಡಿ ಮುಡಿಗೊಂಡಚೋಳಮಂಡಲವಾಯಿತು. ಚನ್ನಪಟ್ಟಣದ ಸೀಮೆಯ ಕೆಳಲೆನಾಡು ತಮಿಳು ಶಾಸನಗಳಲ್ಲಿ ‘ಕಿಳಲೈನಾಡು’ ಆಯಿತು, ಮಳೂರು ರಾಜೇಂದ್ರಸಿಂಹನ ಹೆಸರಿನ ಚತುರ್ವೇದಿಮಂಗಲವಾಯಿತು, ಅಂದರೆ ವೇದ ಓದಿದ ಬ್ರಾಹ್ಮಣರಿಗೆ ಬಿಟ್ಟ ಅಗ್ರಹಾರ. ಅದಕ್ಕೂ ಹಿಂದೆ, 7ನೇ ಶತಮಾನದಲ್ಲಿ, ಗಂಗರಸರು ಚನ್ನಪಟ್ಟಣದ ಪಶ್ಚಿಮಕ್ಕಿರುವ ಮಂಕುಂದದಲ್ಲಿ ನೆಲೆಸಿದ್ದರು ಅಂತ ರೈಸ್ ಗುರುತಿಸಿದ್ದಾರೆ. 1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಚೋಳರಿಂದ ಕಿತ್ತುಕೊಂಡ. ಗೊಂಬೆ ಬರುವುದಕ್ಕೆ ನೂರಾರು ವರ್ಷ ಮೊದಲೇ ಈ ದಾರಿಯಲ್ಲಿ ಇಷ್ಟು ಜನ ಓಡಾಡಿದ್ದಾರೆ!

ಚೋಳರ ಕಾಲದ ಶಾಸನ ಓದುವುದು ಹೇಗೆ ಅಂತ ಹೊಸಬರಿಗೆ ಒಂದು ಮಾತು. ನಮ್ಮ ಕನ್ನಡ ಶಾಸನಗಳಲ್ಲಿ ಸಾಮಾನ್ಯವಾಗಿ ಶಕವರ್ಷ, ಸಂವತ್ಸರ, ತಿಥಿ ಇರುತ್ತವೆ. ಶಕವರ್ಷಕ್ಕೆ 78 ಸೇರಿಸಿದರೆ ಇಸವಿ ಹತ್ತಿರ ಹತ್ತಿರ ಸಿಕ್ಕಿತು. ಚೋಳರ ತಮಿಳು ಶಾಸನಗಳಲ್ಲಿ ಹೆಚ್ಚಾಗಿ ಕಾಣುವುದು ರಾಜನ ಆಳ್ವಿಕೆಯ ಎಷ್ಟನೇ ವರ್ಷ ಅನ್ನುವುದು. ಯಾವ ರಾಜ ಅಂತ ತಿಳಿಯಲು ‘ಮೆಯ್ಕೀರ್ತಿ’ ನೋಡಬೇಕು. ಅದು ರಾಜನ ಹೊಗಳಿಕೆ, ಗೆದ್ದ ನಾಡುಗಳ ಪಟ್ಟಿ. ರಾಜರಾಜನ ಮೆಯ್ಕೀರ್ತಿಯಲ್ಲಿ ಗಂಗಪಾಡಿ, ನುಳಂಬಪಾಡಿ, ತಡಿಗೈಪಾಡಿ ಬರುತ್ತವೆ, ಅಂದರೆ ನಮ್ಮದೇ ನೆಲ. ಹೊಸ ಗೆಲುವು ಆದಂತೆ ಪಟ್ಟಿ ಉದ್ದವಾಗುತ್ತಾ ಹೋಗುತ್ತದೆ. ಆದ್ದರಿಂದ ಪಟ್ಟಿಯ ಉದ್ದವೇ ಒಂಥರಾ ಕ್ಯಾಲೆಂಡರ್.

ಈ ಪ್ರಶಸ್ತಿ ಭಾಗ ಒಂದೇ ಪಾಠ. ತಂಜಾವೂರಿನಲ್ಲಿ ಇರುವುದೇ ಇಲ್ಲೂ ಇರುತ್ತದೆ. ಅಚ್ಚಿನಲ್ಲಿ ಹೊಯ್ದ ಹಾಗೆ. ಅದು ಮುಗಿದ ಮೇಲೆ ಬರುವುದೇ ದತ್ತಿಯ ಭಾಗ: ಯಾವ ನಾಡಿನ ಯಾವ ಊರಿನ ಯಾರು, ಯಾವ ದೇವರಿಗೆ, ಏನು ಕೊಟ್ಟರು, ನೆಲದ ಎಲ್ಲೆ ಎಲ್ಲಿಂದ ಎಲ್ಲಿಗೆ, ಕೆರೆ ಯಾವ ದಿಕ್ಕಿಗೆ, ಹುಣಸೆ ಮರ ಯಾವ ದಿಕ್ಕಿಗೆ. ಇದು ಆ ಒಂದು ಊರಿನಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇರುವುದಿಲ್ಲ. ಬೇಗೂರಿನ ವೀರಗಲ್ಲು ನಮಗೆ ಯಾಕೆ ಅಷ್ಟು ಮುಖ್ಯ? ಸುಮಾರು ಕ್ರಿ.ಶ. 900ರ ಆ ಕಲ್ಲಿನಲ್ಲಿ ‘ಬೆಂಗಳೂರು ಕಾಳಗ’ ಅನ್ನುವ ಎರಡೇ ಪದ ಇರುವುದರಿಂದ.

ನಾನು ಬಿಟ್ಟ ಸಾಲುಗಳು

ಈಗ ನನ್ನ ಕತೆ. ನಾನು ವೃತ್ತಿಯಲ್ಲಿ ಸಿವಿಲ್ ಇಂಜಿನಿಯರ್. ಲಿಪಿ ಕಲಿತದ್ದು ಮೂವತ್ತೈದು ದಾಟಿದ ಮೇಲೆ, ರಾತ್ರಿ ಊಟ ಆದ ನಂತರ, ಯಾವ ಗುರುವೂ ಇಲ್ಲದೆ. ತಮಿಳು ಮತ್ತು ಗ್ರಂಥ ಲಿಪಿ ಇನ್ನೂ ಮೆಲ್ಲಗೆ ಹತ್ತಿದ್ದು.

2019ರ ಬೇಸಿಗೆಯಲ್ಲಿ ಒಂದು ಭಾನುವಾರ ಈ ಸೀಮೆಯ ಒಂದು ಚಿಕ್ಕ ಗುಡಿಗೆ ಹೋಗಿದ್ದೆ. ಊರಿನ ಹೆಸರು ಬೇಡ, ಯಾಕೆ ಅಂತ ಮುಂದೆ ತಿಳಿಯುತ್ತದೆ. ಗುಡಿಯ ಅಧಿಷ್ಠಾನದ ಪಟ್ಟಿಕೆಗಳ ಮೇಲೆ ತಮಿಳು ಅಕ್ಷರ. ಮೇಲಿನ ಮೂರು ಪಟ್ಟಿಕೆ ಚೆನ್ನಾಗಿ ಕಾಣುತ್ತಿತ್ತು. ಕೆಳಗಿನ ಎರಡು ಅರ್ಧ ಮಣ್ಣಿನಲ್ಲಿ, ಅರ್ಧ ಎಣ್ಣೆ ಜಿಡ್ಡಿನಲ್ಲಿ. ವರ್ಷವರ್ಷ ಅಂಗಳಕ್ಕೆ ಮಣ್ಣು ತುಂಬಿ ಗುಡಿಯ ಕಾಲು ಹೂತುಹೋಗುವುದು ನಿಮಗೆಲ್ಲ ಗೊತ್ತಿರುವ ವಿಷಯವೇ. ಮೇಲಿನದಕ್ಕೆ ಹಿಟ್ಟು ಸವರಿ, ಓರೆಬೆಳಕು ಬಿಟ್ಟು, ಸ್ಕೇಲ್ ಇಟ್ಟು ಅಚ್ಚುಕಟ್ಟಾಗಿ ಫೋಟೋ ತೆಗೆದೆ. ಕೆಳಗಿನದನ್ನು ನೋಡಿ, ಹಾರೆ ತಂದಿಲ್ಲ, ಬಿಸಿಲು ಏರಿದೆ, ಮಗಳಿಗೆ ಪರೀಕ್ಷೆ ಇದೆ, ಮುಂದಿನ ಸಲ ನೋಡೋಣ ಅಂದುಕೊಂಡೆ. ಇಂಜಿನಿಯರ್ ಆಗಿ ಸೈಟಿನಲ್ಲಿ ನಮ್ಮ ಹುಡುಗರಿಗೆ ದಿನಾ ಹೇಳುತ್ತೇನೆ: ಮಣ್ಣು ಮುಚ್ಚುವ ಮುಂಚೆ ಅಳತೆ ತಗೊಳ್ಳಿ, ಆಮೇಲೆ ಯಾರ ಅಪ್ಪನಿಗೂ ಕಾಣಲ್ಲ ಅಂತ. ನನಗೆ ನಾನು ಹೇಳಿಕೊಳ್ಳಲಿಲ್ಲ.

ಮನೆಗೆ ಬಂದು ಓದಿದೆ. ಮೂರು ಪಟ್ಟಿಕೆಯಲ್ಲೂ ಮೆಯ್ಕೀರ್ತಿ. ಗೆದ್ದ ನಾಡುಗಳ ಪಟ್ಟಿ. ದತ್ತಿಯ ಭಾಗ ಮಣ್ಣಿನೊಳಗೆ. ಎಪಿಗ್ರಾಫಿಯಾದಲ್ಲಿ ಹುಡುಕಿದೆ, ಆ ಗುಡಿಯ ಪಾಠ ಸಿಗಲಿಲ್ಲ. ಹೋಗಬೇಕು, ಹೋಗಬೇಕು ಅನ್ನುತ್ತಲೇ ಇದ್ದೆ. ಆಮೇಲೆ ಕೊರೋನಾ ಬಂತು, ಅದಾದ ಮೇಲೆ ಕೆಲಸದ ಒತ್ತಡ.

ಮತ್ತೆ ಹೋದದ್ದು 2023ರ ಕೊನೆಯಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿತ್ತು. ಸುಮಾರು 118 ಕಿ.ಮೀ. ದಾರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲವನ್ನೂ ಬದಿಗೆ ಬಿಟ್ಟು ಹೋಗುತ್ತದೆ. ಕೆಂಗಲ್ ಸುತ್ತಮುತ್ತಲಿನ ಗೊಂಬೆ ಅಂಗಡಿಗಳಲ್ಲಿ ನೊಣ ಹೊಡೆಯುವ ಹಾಗಾಗಿತ್ತು. ಬಿಡದಿಯ ತಟ್ಟೆ ಇಡ್ಲಿಯವರದೂ, ಮದ್ದೂರು ವಡೆಯವರದೂ ಅದೇ ಗೋಳು. ರಸ್ತೆ ಜನರನ್ನು ತಂದುಕೊಡುತ್ತಿದ್ದ ಕಾಲ ಮುಗಿದು, ಜನರನ್ನು ತಾವೇ ಕರೆದುಕೊಳ್ಳಬೇಕಾದ ಕಾಲ ಬಂದಿತ್ತು. ಹಾಗಾಗಿ ಊರೂರಲ್ಲೂ ಗುಡಿಯ ‘ಅಭಿವೃದ್ಧಿ’ ಮಾತು: ಕಮಾನು, ಪಾರ್ಕಿಂಗ್, ಗ್ರಾನೈಟ್ ನೆಲ.

ನನ್ನ ಗುಡಿಗೂ ಬಂದಿತ್ತು. ಅಂಗಳಕ್ಕೆ ಕಾಂಕ್ರೀಟ್ ಹಾಕಿ ಹೊಳೆಯುವ ಗ್ರಾನೈಟ್ ಹಾಸಿದ್ದರು. ಅಧಿಷ್ಠಾನಕ್ಕೂ ಸೊಂಟದ ಎತ್ತರಕ್ಕೆ ಅದನ್ನೇ ಸಿಮೆಂಟಿನಲ್ಲಿ ಕೂರಿಸಿದ್ದರು. ನಾನು ಫೋಟೋ ತೆಗೆದಿದ್ದೂ ಇಲ್ಲ, ತೆಗೆಯದಿದ್ದೂ ಇಲ್ಲ.

ಗುಡಿಯ ಹಿರಿಯರೊಬ್ಬರು ಜಗಲಿಯ ಮೇಲೆ ಕೂತಿದ್ದರು. “ಯಜಮಾನ್ರೇ, ಇಲ್ಲಿ ಬರವಣಿಗೆ ಇತ್ತಲ್ಲ” ಅಂದೆ.

“ಇತ್ತು ಸ್ವಾಮಿ. ಒಳಗೇ ಅದೆ, ಎಲ್ಲೋಯ್ತದೆ? ಅದ ಓದಕ್ಕೆ ಯಾರ್ ಬತ್ತಾರೆ? ಬರೋರು ದೇವ್ರ್ ನೋಡಕ್ಕೆ ಬತ್ತಾರೆ. ಮಳೇಲಿ ಹೆಂಗಸ್ರು ಮಕ್ಳು ಕೆಸ್ರಲ್ಲಿ ಜಾರಿ ಬಿದ್ರೆ ನಮ್ಮನ್ನ ತಾನೆ ಬಯ್ಯೋದು?”

ನನಗೆ ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳು ಏನಿತ್ತು? ನಾನು 2019ರಲ್ಲಿ ಬಂದವನು ಅರ್ಧ ದಿನ ಕೂತು ಹಿಟ್ಟು ಸವರಿ ಹೊರಟುಹೋಗಿದ್ದೆ. ಆ ಕಲ್ಲಿನಲ್ಲಿ ಏನಿದೆ, ಯಾಕೆ ಮುಖ್ಯ ಅಂತ ಊರಿನ ಒಬ್ಬರಿಗೂ ಹೇಳಿರಲಿಲ್ಲ. ಹಿಟ್ಟಿನ ಗುರುತನ್ನು ಮಾತ್ರ ತೊಳೆದು ಬಂದಿದ್ದೆ. ಓದಿದ್ದನ್ನು ಹಾಕಿದ್ದು ಇಂಟರ್‌ನೆಟ್ಟಿನಲ್ಲಿ, ನಿಮಗೆ. ಅವರಿಗಲ್ಲ.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ನಾನು ಉಳಿಸಿಕೊಂಡದ್ದು ಎಲ್ಲ ಕಡೆಯೂ ಸಿಗುವ ಪ್ರಶಸ್ತಿ. ಕಳೆದುಕೊಂಡದ್ದು ಎಲ್ಲೂ ಸಿಗದ ದತ್ತಿ. ಕೊಟ್ಟವರು ಗಂಡೋ ಹೆಣ್ಣೋ, ದೀಪಕ್ಕೋ ನೈವೇದ್ಯಕ್ಕೋ, ಆ ಊರನ್ನು ಆಗ ಏನಂತ ಕರೆಯುತ್ತಿದ್ದರು, ಇದಾವುದೂ ಈಗ ತಿಳಿಯುವ ಹಾಗಿಲ್ಲ. ದಾನದ ಭೂಮಿ ಕಿತ್ತುಕೊಂಡವನಿಗೆ ಗಂಗೆಯ ತಡಿಯಲ್ಲಿ ಕವಿಲೆ ಕೊಂದ ಪಾಪ ಅಂತ ಶಾಪವೂ ಅಲ್ಲೇ ಕೊನೆಯಲ್ಲಿ ಇದ್ದಿರಬಹುದು. ಅದೂ ಸಿಮೆಂಟಿನೊಳಗೆ.

ಪ್ರಶಸ್ತಿಯ ಊರು, ದತ್ತಿಯ ಊರು

ಆಮೇಲೆ ಈ ರಸ್ತೆಯ ಫಲಕಗಳು ನನಗೆ ಬೇರೆ ಥರ ಕಾಣತೊಡಗಿದವು. ಶೋಲೆ, ಗೊಂಬೆ, ಮಿತಾಕ್ಷರ, ಇವೆಲ್ಲ ನಮ್ಮ ಕಾಲದ ಮೆಯ್ಕೀರ್ತಿಗಳು. ದೊಡ್ಡ ಹೆಸರು, ಎಲ್ಲರಿಗೂ ಗೊತ್ತಿರುವ ಹೆಸರು, ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಹೊಗಳಿಕೆ. ಪ್ರವಾಸೋದ್ಯಮ ಪ್ರಶಸ್ತಿಯನ್ನು ಓದಿ ದತ್ತಿಯನ್ನು ಬಿಟ್ಟುಬಿಡುತ್ತದೆ, ನಾನು ಮಾಡಿದ ಹಾಗೇ. ತಂತಿ ಎಳೆದವರು, ಬಳೆ ಮಾಡಿದವರು, ಕೆಳಲೆನಾಡಿನ ಒಕ್ಕಲು ಎಲ್ಲ ಕೆಳಗಿನ ಪಟ್ಟಿಕೆಯಲ್ಲಿದ್ದಾರೆ. ಬಂದವರ ಕಾಲಿಗೆ ಕೆಸರು ಹತ್ತಬಾರದು ಅಂತ ಹಾಸುವ ಕಲ್ಲು ಅವರ ಮೇಲೆಯೇ ಬೀಳುತ್ತದೆ. ಯಾರಿಗೂ ದ್ವೇಷ ಇಲ್ಲ. ಅದು ಅಲ್ಲಿದೆ ಅಂತ ಯಾರೂ ತೋರಿಸಿಲ್ಲ, ಅಷ್ಟೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ನಮ್ಮಲ್ಲಿ ಕೆಲವರಿಗೆ ಈ ಕಲ್ಲುಗಳು ತಮಿಳಿನವು ಅನ್ನುವುದೇ ಇರುಸುಮುರುಸು. “ಅದನ್ನ ಯಾಕೆ ಸಾರ್ ದೊಡ್ಡದು ಮಾಡ್ತೀರಾ” ಅಂತ ನನ್ನನ್ನೇ ಕೇಳಿದ್ದಾರೆ. ಆದರೆ ಆಳುವವರ ಭಾಷೆಯಲ್ಲಿ ಬರೆದ ಮಾತ್ರಕ್ಕೆ ನೆಲ ಬೇರೆಯವರದಾಗುವುದಿಲ್ಲ. ಚೋಳರನ್ನು ಓಡಿಸಿದ ಹೊಯ್ಸಳರ ಕಾಲದಲ್ಲೂ ಕೋಲಾರ, ಬೆಂಗಳೂರು ಸೀಮೆಗಳಲ್ಲಿ ತಮಿಳು ಶಾಸನಗಳು ಹುಟ್ಟುತ್ತಲೇ ಇದ್ದವು. ಅವುಗಳಲ್ಲಿ ಬರುವ ಕೆರೆ, ಗದ್ದೆ, ಊರುಗಳು ನಮ್ಮವೇ. ಓದದೆ ಬಿಟ್ಟರೆ ಕಳೆದುಕೊಳ್ಳುವವರು ತಂಜಾವೂರಿನವರಲ್ಲ, ಚನ್ನಪಟ್ಟಣದವರು.

ಹಾಗಾದರೆ ಏನು ಮಾಡೋದು? ಮಿಥಿಕ್ ಸೊಸೈಟಿಯವರು ಬೆಂಗಳೂರು ಸೀಮೆಯ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿರುವುದು ನಿಮಗೆ ಗೊತ್ತಿದೆ. ಅದು ದೊಡ್ಡ ಕೆಲಸ. ಎಚ್.ಎಲ್. ನಾಗೇಗೌಡರು 1994ರಲ್ಲಿ ಇದೇ ರಸ್ತೆಯಲ್ಲಿ ಜಾನಪದ ಲೋಕ ತೆರೆದು, ಯಾರೂ ಬೆಲೆ ಕೊಡದ ಒನಕೆ, ಕೊಳಗ, ನೇಗಿಲನ್ನು ಜನ ಟಿಕೆಟ್ ತಗೊಂಡು ನೋಡುವ ಹಾಗೆ ಮಾಡಿದರು. ಅಂದರೆ ಕೆಳಗಿನ ಪಟ್ಟಿಕೆಯನ್ನೂ ತೋರಿಸಿದರೆ ಜನ ನಿಂತು ನೋಡುತ್ತಾರೆ. ನಮ್ಮಂಥ ಭಾನುವಾರದ ಶಾಸನಪ್ರಿಯರ ಕೈಲಾಗುವುದು ಚಿಕ್ಕದು, ಆದರೆ ಇವತ್ತೇ ಆಗುವಂಥದು.

ಒಂದು: ಕೆಳಗಿನ ಸಾಲಿನಿಂದ ಫೋಟೋ ಶುರು ಮಾಡಿ. ಅಂದವಾದ ಭಾಗ ಕಾಯುತ್ತದೆ, ಮಣ್ಣಿನ ಭಾಗ ಕಾಯುವುದಿಲ್ಲ. ಮಣ್ಣು ಸರಿಸಬೇಕಾದರೆ ಊರಿನವರನ್ನು ಕೇಳಿ, ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿ ಇಲ್ಲದೆ ಒಂದು ಹಿಡಿ ಮಣ್ಣನ್ನೂ ಮುಟ್ಟಬೇಡಿ.

ಎರಡು: ಓದಿದ್ದನ್ನು ಅಲ್ಲೇ ಓದಿ ಹೇಳಿ, ಗಟ್ಟಿಯಾಗಿ. ಅರ್ಧಂಬರ್ಧ ಓದಿದ್ದರೂ ಸರಿ.

ಮೂರು: ಒಂದು ಹಾಳೆಯಲ್ಲಿ ಕನ್ನಡದಲ್ಲಿ ಸಾರಾಂಶ ಬರೆದು, ಲ್ಯಾಮಿನೇಟ್ ಮಾಡಿಸಿ ಗುಡಿಯವರ ಕೈಗೆ ಕೊಡಿ. ಖರ್ಚು ಒಂದು ಕಾಫಿಯದು.

ಕಳೆದ ಸಂಕ್ರಾಂತಿಯ ನಂತರ ಅಯ್ಯನಗುಡಿ ಜಾತ್ರೆ ನೋಡಿಕೊಂಡು ಪಕ್ಕದ ಹಳ್ಳಿಯ ಒಂದು ವೀರಗಲ್ಲಿನ ಹತ್ತಿರ ಹೋಗಿದ್ದೆ. ಕನ್ನಡದ್ದೇ, ನಾಲ್ಕೇ ಸಾಲು, ಎರಡು ಸವೆದಿವೆ. ಓದಿ ಹೇಳುತ್ತಿದ್ದಾಗ ಎತ್ತು ಹಿಡಿದುಕೊಂಡು ಬಂದ ಒಬ್ಬರು ನಿಂತು ಕೇಳಿದರು. ತುರು ಕಾಯಲು ಹೋಗಿ ಸತ್ತವನ ಕಲ್ಲು ಅಂದೆ. “ದನಕ್ಕೆ ಸತ್ತವ್ನಾ?” ಅಂತ ಎರಡು ಸಲ ಕೇಳಿ, ಹಗ್ಗವನ್ನು ಇನ್ನೊಂದು ಕೈಗೆ ಬದಲಾಯಿಸಿ, ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ, “ಇದ ಒಂದ್ ಚೀಟೀಲಿ ಬರ್ಕೊಡಿ ಸ್ವಾಮಿ, ನಮ್ ಹುಡ್ಗುಂಗೆ ತೋರುಸ್ತೀನಿ” ಅಂದರು.

ಬರೆದುಕೊಟ್ಟೆ. ಸವೆದ ಎರಡು ಸಾಲಿನ ಜಾಗವನ್ನು ಖಾಲಿ ಬಿಟ್ಟೆ.